ಬೀಜ ಯಾರ ಸೊತ್ತು?

ನಾವು ಬಾಳ್ವೆ ಕಟ್ಟಿಕೊಂಡಿರುವ ಈ ನಾಗಪುರದ ಚರಿತ್ರೆಯಲ್ಲಿ 1853ನೆಯ ಇಸವಿಯ ಡಿಸೆಂಬರ್ ತಿಂಗಳು ಒಂದು ದೊಡ್ಡ ತಿರುವು. ಆ ತಿಂಗಳು ಭೋಂಸಲೆ ಮನೆತನದ ಮೂರನೆಯ ರಘೂಜಿ ಗಂಡು ಸಂತಾನವಿಲ್ಲದೆ ತೀರಿಕೊಂಡ. ಗವರ್ನರ್ ಜನರಲ್ ಡಾಲ್‌ಹೌಸಿ ವಾರಸುದಾರನಿಲ್ಲವೆಂಬ ಕಾರಣ ಮುಂದೊಡ್ಡಿ 1854ರಲ್ಲಿ ರಾಜ್ಯವನ್ನೇ ಕಂಪನಿಯ ಆಡಳಿತಕ್ಕೆ ಸೇರಿಸಿಬಿಟ್ಟ. ಕನ್ನಡಿಗರಾದ ನಮಗೆ ಈ ಕಥೆ ಹೊಸದೇನೂ ಅಲ್ಲ. ಅದಕ್ಕೆ ಮೂವತ್ತು ವರ್ಷ ಮೊದಲೇ, 1824ರಲ್ಲಿ, ಕಿತ್ತೂರಿನ ದೊರೆ ಮಕ್ಕಳಿಲ್ಲದೆ ಗತಿಸಿದಾಗ ದತ್ತು ಬಂದ ಹುಡುಗನನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ರಾಣಿ ಚೆನ್ನಮ್ಮ ಕತ್ತಿ ಹಿರಿಯಬೇಕಾಯಿತು. ಒಂದು ಹುಟ್ಟದ ಮಗುವಿನ ಹೆಸರಿನಲ್ಲಿ ರಾಜ್ಯಗಳು ಕೈಬದಲಾದವು, ರಕ್ತ ಹರಿಯಿತು.

ರಾಜರ ಕಾಲ ಮುಗಿಯಿತು. ಆದರೆ ಬೀಜದ ಚಿಂತೆ ಮುಗಿದಿಲ್ಲ. ಅರಮನೆಯಲ್ಲಿದ್ದುದು ನಮ್ಮ ಎರಡು ಕೋಣೆಯ ಕ್ವಾರ್ಟರ್ಸಿಗೂ ಬಂದು ಕುಳಿತಿದೆ. ಮಗನಿಲ್ಲದವನಿಗೆ ಸದ್ಗತಿಯಿಲ್ಲ, ವಂಶದ ಬಳ್ಳಿ ಒಣಗಬಾರದು ಎಂಬ ಮಾತುಗಳನ್ನು ಕೇಳದೆ ಬೆಳೆದವರು ನಮ್ಮಲ್ಲಿ ಯಾರಿದ್ದಾರೆ? ಈ ಹಳೆಯ ಚಿಂತೆಗೆ ವಿಜ್ಞಾನವು ಈಗ ಹೊಸದೊಂದು ಪ್ರಶ್ನೆಯನ್ನು ಗಂಟು ಹಾಕಿದೆ. ಇನ್ನೂ ಮೀಸೆ ಮೂಡದ, ಗಂಡುಹೆಣ್ಣಿನ ಸಂಬಂಧವೆಂದರೇನೆಂದು ಅರಿಯದ ಹುಡುಗನ ಮೈಯಿಂದ ಅವನ ಮುಂದಿನ ಸಂತಾನದ ಬೀಜವನ್ನು ತೆಗೆದು ವರ್ಷಗಟ್ಟಲೆ ಕಾಪಿಡಲು ಈಗ ಸಾಧ್ಯವಿದೆ. ಹಾಗೆ ತೆಗೆದಿಟ್ಟ ಬೀಜ ಯಾರದು? ಹುಡುಗನದೇ, ಹೆತ್ತವರದೇ, ವಂಶದ್ದೇ? ಈ ವಿಷಯವನ್ನು ನಮ್ಮ ಮಾಸಿಕದ ಪುಟಗಳಲ್ಲಿ ಎತ್ತುವುದು ಕೆಲವರಿಗೆ ಸಂಕೋಚವೆನಿಸಬಹುದು. ಆದರೆ ಮನೆಯಲ್ಲಿ ಹೆಸರು ಹೇಳಲು ನಾಚುವ ಅಂಗದ ವಿಷಯದಲ್ಲಿ, ಆಸ್ಪತ್ರೆಯ ವರಾಂಡದಲ್ಲಿ ಐದು ನಿಮಿಷದೊಳಗೆ ನಿರ್ಧಾರ ಮಾಡಬೇಕಾದ ಪ್ರಸಂಗ ಬರುತ್ತದೆ. ಆಗ ಯೋಚಿಸುವುದಕ್ಕಿಂತ ಈಗಲೇ ಯೋಚಿಸುವುದು ಒಳ್ಳೆಯದು.

ಮೊದಲು ಈ ಬೀಜವೆಂದರೇನು ಎಂದು ನೋಡೋಣ. ಹೊಲದಲ್ಲಿ ಬಿತ್ತುವ ಕಾಳಿನಂತೆ ಅದು ಗಂಡಸಿನಲ್ಲಿ ಹುಟ್ಟಿನಿಂದಲೇ ಸಿದ್ಧವಾಗಿರುತ್ತದೆಂದು ಅನೇಕರ ಭಾವನೆ. ಹಾಗಲ್ಲ. ತಾಯಿಯ ಬಸಿರಿನಲ್ಲಿ ಪಿಂಡಕ್ಕೆ ಸುಮಾರು ಮೂರು ವಾರವಾದಾಗ, ಮುಂದೆ ಸಂತಾನಕ್ಕೆ ಮೂಲವಾಗುವ ಕೆಲವೇ ಜೀವಕೋಶಗಳು ಉಳಿದವುಗಳಿಂದ ಬೇರ್ಪಡುತ್ತವೆ. ಸೋಜಿಗವೆಂದರೆ ಅವು ಕಾಣಿಸಿಕೊಳ್ಳುವುದು ವೃಷಣದಲ್ಲಿ ಅಲ್ಲ. ವೃಷಣವೆಂಬುದೇ ಆಗ ಇರುವುದಿಲ್ಲ. ಪಿಂಡಕ್ಕೆ ಅಂಟಿಕೊಂಡಿರುವ ಹಳದಿ ಚೀಲದ ಗೋಡೆಯಲ್ಲಿ ಅವು ಕಾಣಿಸಿಕೊಂಡು, ಕರುಳಿನ ಗೋಡೆಯ ಗುಂಟ ತೆವಳುತ್ತ, ಐದಾರು ವಾರದ ಹೊತ್ತಿಗೆ ಬೆನ್ನ ಒಳಬದಿಯ ಒಂದು ದಿಣ್ಣೆಗೆ ಬಂದು ಸೇರುತ್ತವೆ. ಊರು ಬಿಟ್ಟು ಬಂದು ಬೇರೆ ಸೀಮೆಯಲ್ಲಿ ನೆಲೆ ಕಂಡ ನಮ್ಮಂಥವರಿಗೆ ಈ ವಲಸೆಯ ಕಥೆ ಹಿತವೆನಿಸೀತು.

ಅಲ್ಲಿಗೆ ಬಂದ ಕೋಶಗಳಿಗೆ ತಾವು ಗಂಡಿನ ಬೀಜವಾಗಬೇಕೋ ಹೆಣ್ಣಿನ ಬೀಜವಾಗಬೇಕೋ ಎಂಬುದು ಗೊತ್ತಿರುವುದಿಲ್ಲ. ಅದನ್ನು ತಿಳಿಸುವುದು ಆ ನೆಲೆ. ಗಂಡು ಪಿಂಡದಲ್ಲಿ ವೈ ವರ್ಣತಂತುವಿನ ಮೇಲಿರುವ ಒಂದು ಜೀನ್ (ಇದನ್ನು 1990ರಲ್ಲಿ ಲಂಡನ್ನಿನ ವಿಜ್ಞಾನಿಗಳು ಗುರುತಿಸಿದರು) ಸುತ್ತಲಿನ ಕೋಶಗಳಿಗೆ ಅಪ್ಪಣೆ ಕೊಡುತ್ತದೆ. ಅವು ವಲಸೆ ಬಂದ ಕೋಶಗಳನ್ನು ಸುತ್ತುವರಿದು ಕೊಳವೆಗಳಾಗಿ ಕಟ್ಟಿಕೊಳ್ಳುತ್ತವೆ. ಹೀಗೆ ಆರೈಕೆ ಮಾಡುವ ಕೋಶಗಳಿಗೆ ಸರ್ಟೋಲಿ ಕೋಶಗಳೆಂದು ಹೆಸರು. 1865ರಲ್ಲಿ ಅವುಗಳನ್ನು ವರ್ಣಿಸಿದ ಇಟಲಿಯ ಎನ್ರಿಕೊ ಸರ್ಟೋಲಿಯ ನೆನಪಿಗೆ. ಮಗು ಹುಟ್ಟಿದ ಮೇಲಿನ ಕೆಲವು ತಿಂಗಳುಗಳಲ್ಲಿ ಒಳಗಿನ ಬೀಜಕೋಶಗಳು ಕೊಳವೆಯ ನಡುವಿನಿಂದ ಅಂಚಿಗೆ ಸರಿದು, ತಳದ ಪೊರೆಗೆ ಆನಿಕೊಂಡು ಕೂರುತ್ತವೆ. ಇವೇ ಮುಂದೆ ಬದುಕಿನುದ್ದಕ್ಕೂ ವೀರ್ಯಾಣುಗಳನ್ನು ಕೊಡುವ ಆಕರಕೋಶಗಳು, ಈಗಿನ ಪತ್ರಿಕೆಗಳು ಸ್ಟೆಮ್ ಸೆಲ್ ಎನ್ನುವ ಜಾತಿಯವು. ವೃಷಣಗಳು ಚೀಲಕ್ಕೆ ಇಳಿಯದೆ ಹೊಟ್ಟೆಯಲ್ಲೇ ಉಳಿದ ಗಂಡುಮಕ್ಕಳಲ್ಲಿ ಈ ಮಾರ್ಪಾಡು ಕೆಡುತ್ತದೆ. ಮೈಯ ಒಳಗಿನ ಶಾಖ ಅವಕ್ಕೆ ಒಗ್ಗದು. ಆದಕಾರಣ ಮಗುವಿಗೆ ಆರು ತಿಂಗಳಾದರೂ ಅವು ಇಳಿಯದಿದ್ದರೆ ವೈದ್ಯರಿಗೆ ತೋರಿಸಿ, ಒಂದೂವರೆ ವರ್ಷದೊಳಗೆ ಶಸ್ತ್ರಚಿಕಿತ್ಸೆ ಮಾಡಿಸಬೇಕೆಂದು ಹೇಳುತ್ತಾರೆ. ಎಳೆಯ ಮಕ್ಕಳಿರುವ ವಾಚಕರು ಇದೊಂದನ್ನಾದರೂ ನೆನಪಿಡಬೇಕು.

ಹುಡುಗನಿಗೆ ಪ್ರಾಯ ಬರುವ ತನಕ ಈ ಕೋಶಗಳು ಮಾಗುವುದಿಲ್ಲ. ಪ್ರಾಯ ಬಂದ ಮೇಲೆ ಮಾತ್ರ ಕಾರ್ಖಾನೆ ತೆರೆಯುತ್ತದೆ. ಕೆನಡಾದ ಮಾಂಟ್ರಿಯಲ್‌ನ ಈವ್ ಕ್ಲೆರ್ಮೋ ಎಂಬ ವಿಜ್ಞಾನಿ 1960ರ ದಶಕದಲ್ಲಿ ಈ ಕೆಲಸದ ಹಂತಗಳನ್ನು ವಿಂಗಡಿಸಿ ತೋರಿಸಿದರು. ತಳದಲ್ಲಿ ಕಪ್ಪು ಛಾಯೆಯ ಕೋಶಗಳು, ಮಸುಕು ಛಾಯೆಯ ಕೋಶಗಳು ಎಂದು ಎರಡು ಬಗೆ. ಕಪ್ಪು ಬಗೆಯವು ಬಹುತೇಕ ಸುಮ್ಮನಿರುವ ಮೀಸಲು ಪಡೆ, ಮಸುಕು ಬಗೆಯವು ದುಡಿಯುವ ಪಡೆ ಎಂದು ಅವರ ಅಭಿಪ್ರಾಯ. ಆಕರಕೋಶಗಳು ವಿಭಜನೆಗೊಂಡಾಗ ಕೆಲವು ಮನೆಯಲ್ಲೇ ಉಳಿದು ಆಕರವನ್ನು ಕಾಯುತ್ತವೆ, ಕೆಲವು ವೀರ್ಯಾಣುವಾಗಲು ಹೊರಡುತ್ತವೆ. ಹೊರಟದ್ದು ಬಾಲವಿರುವ ವೀರ್ಯಾಣುವಾಗಲು ಎರಡು ತಿಂಗಳಿಗೂ ಮಿಕ್ಕಿ ಕಾಲ ಹಿಡಿಯುತ್ತದೆ. ಹೀಗಿದ್ದೂ ಆರೋಗ್ಯವಂತ ಗಂಡಸಿನಲ್ಲಿ ಎದೆಯ ಒಂದೊಂದು ಬಡಿತಕ್ಕೆ ಸುಮಾರು ಸಾವಿರ ವೀರ್ಯಾಣುಗಳು ತಯಾರಾಗುತ್ತವೆ. ಮನೆಯಲ್ಲಿ ಉಳಿಯುವವು ಎಷ್ಟು, ಹೊರಡುವವು ಎಷ್ಟು ಎಂಬ ಲೆಕ್ಕವನ್ನು ಬಹುಪಾಲು ನಿರ್ಧರಿಸುವುದು ನೆರೆಹೊರೆಯ ಸರ್ಟೋಲಿ ಕೋಶಗಳು ಸ್ರವಿಸುವ ರಸಗಳು. ಇಲಿಗಳಲ್ಲಿ ಇಂಥ ಒಂದು ರಸವನ್ನು ಕಡಿಮೆ ಮಾಡಿದಾಗ ಆಕರವೇ ಬರಿದಾಯಿತು. ಅತಿಯಾಗಿಸಿದಾಗ ಕೋಶಗಳು ಗುಂಪುಗೂಡಿದವೇ ಹೊರತು ವೀರ್ಯಾಣುವಾಗಲಿಲ್ಲ. ನೆರೆ ಕೆಟ್ಟರೆ ಬೀಜವೂ ಕೆಟ್ಟಿತು ಎಂದಾಯಿತು.

ಇಷ್ಟನ್ನು ವಿವರವಾಗಿ ಹೇಳಲು ಕಾರಣವಿದೆ. ಹತ್ತು ವರ್ಷದ ಹುಡುಗನಲ್ಲಿ ವೀರ್ಯಾಣುವಿಲ್ಲ. ವೀರ್ಯಾಣುವಾಗಬಲ್ಲ ಆಕರ ಮಾತ್ರ ಇದೆ. ಅಂದರೆ ಫಲವಿಲ್ಲ, ಫಲದ ಭರವಸೆ ಇದೆ. ಈ ಭೇದದ ಮೇಲೆಯೇ ಮುಂದಿನ ಧರ್ಮಾಧರ್ಮದ ವಿಚಾರ ನಿಂತಿದೆ.

ಪ್ರಶ್ನೆ ಹುಟ್ಟುವುದು ಕಾಯಿಲೆಯಿಂದ. ನಮ್ಮ ವಿದರ್ಭದಲ್ಲಿ ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆ ಬಹಳ. ಕರ್ನಾಟಕದಲ್ಲೂ ಚಾಮರಾಜನಗರದ ಸೋಲಿಗರಲ್ಲಿ ಅದು ಕಂಡುಬರುತ್ತದೆ. ಅದನ್ನು ಹತೋಟಿಗೆ ತರಲು ಕೇಂದ್ರ ಸರ್ಕಾರ 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲಿನಲ್ಲಿ ಒಂದು ರಾಷ್ಟ್ರೀಯ ಕಾರ್ಯಕ್ರಮವನ್ನು ಪ್ರಾರಂಭಿಸಿತು. ಈ ಕಾಯಿಲೆಗೆ ದೀರ್ಘಕಾಲದಿಂದ ಬಳಕೆಯಲ್ಲಿರುವ ಪೂರ್ತಿ ಗುಣದ ದಾರಿ ಅಸ್ಥಿಮಜ್ಜೆಯ ಕಸಿ. ಕಸಿಗೆ ಮೊದಲು ರೋಗಿಯ ಹಳೆಯ ಮಜ್ಜೆಯನ್ನು ಬಲವಾದ ಔಷಧಗಳಿಂದ ಸುಟ್ಟು ಹಾಕಬೇಕು. ಆ ಔಷಧಗಳಿಗೆ ರಕ್ತದ ಆಕರ ಯಾವುದು, ವೃಷಣದ ಆಕರ ಯಾವುದು ಎಂಬ ಭೇದ ತಿಳಿಯದು, ಎರಡನ್ನೂ ಕೊಲ್ಲುತ್ತವೆ. ಕ್ಯಾನ್ಸರಿನ ಕೆಲವು ಔಷಧಗಳೂ ವಿಕಿರಣ ಚಿಕಿತ್ಸೆಯೂ ಹೀಗೆಯೇ. ಮಕ್ಕಳ ವೃಷಣ ನಿದ್ರೆಯಲ್ಲಿರುತ್ತದೆ, ಆದ್ದರಿಂದ ಅದಕ್ಕೆ ಅಪಾಯವಿಲ್ಲ ಎಂದು ಹಿಂದೆ ನಂಬಿದ್ದರು. ಆ ನಂಬಿಕೆ ಸುಳ್ಳೆಂದು ಗೊತ್ತಾಗಿದೆ. ಎಲ್ಲ ಚಿಕಿತ್ಸೆಯೂ ಹೀಗೆ ಮಾಡುವುದಿಲ್ಲವೆಂಬುದನ್ನೂ ಹೇಳಬೇಕು. ಬಾಲ್ಯದ ರಕ್ತಕ್ಯಾನ್ಸರಿನ ಸಾಮಾನ್ಯ ಚಿಕಿತ್ಸೆಯಲ್ಲಿ ಈ ಅಪಾಯ ಕಡಿಮೆ. ಆದರೆ ಮಜ್ಜೆಯ ಕಸಿಗೆ ಮೊದಲು ಕೊಡುವ ಔಷಧದಲ್ಲಿ ಅಪಾಯ ದೊಡ್ಡದು.

ನಮ್ಮ ಕಛೇರಿಯಲ್ಲಿ ಜೊತೆಗೆ ಕೆಲಸ ಮಾಡುವವರೊಬ್ಬರ ಮಗನಿಗೆ ಸಿಕಲ್ ಸೆಲ್. ಅಕ್ಕನ ಮಜ್ಜೆ ಹೊಂದುತ್ತದೆ, ಕಸಿ ಮಾಡಬಹುದು ಎಂದು ವೈದ್ಯರು ಹೇಳಿದ ದಿನ ಸಂಜೆ ನಾವು ಮೂರು ನಾಲ್ಕು ಜನ ಅವರ ಮನೆಗೆ ಹೋಗಿದ್ದೆವು. ಔಷಧದಿಂದ ಮುಂದೆ ಮಕ್ಕಳಾಗದಿರಬಹುದು ಎಂಬ ಮಾತೂ ಬಂದಿತ್ತು. ಹುಡುಗನ ಅಜ್ಜಿ ಎಲ್ಲವನ್ನೂ ಕೇಳಿ ಒಂದೇ ಮಾತು ಕೇಳಿದರು: "ವಂಶ ಪುಢೇ ಚಾಲೇಲ ಕಾ?" ವಂಶ ಮುಂದುವರಿದೀತೇ ಎಂದು. ಅವರನ್ನು ನಾನು ತಪ್ಪೆನ್ನಲಾರೆ. ನಮ್ಮ ಊರಿನಲ್ಲಿ ನಮ್ಮ ಅಜ್ಜಿಯೂ ಅದನ್ನೇ ಕೇಳುತ್ತಿದ್ದರು. ಆದರೆ ಒಂಬತ್ತು ವರ್ಷದ ಆ ಹುಡುಗ ಅಲ್ಲೇ ಚಾಪೆಯ ಮೇಲೆ ಕುಳಿತು ಚಿತ್ರಕ್ಕೆ ಬಣ್ಣ ತುಂಬುತ್ತಿದ್ದ. ವಂಶ ಮುಂದುವರಿಯಬೇಕಾದದ್ದು ಅವನ ಮೈಯಿಂದ. ಅವನನ್ನು ಯಾರೂ ಏನನ್ನೂ ಕೇಳಲಿಲ್ಲ. ಕೇಳಿದ್ದರೆ ಅವನು ಏನೆಂದು ಉತ್ತರ ಕೊಡುತ್ತಿದ್ದ?

ವಯಸ್ಸಿಗೆ ಬಂದ ಗಂಡಸಿಗಾದರೆ ದಾರಿ ಸುಲಭ. ಚಿಕಿತ್ಸೆಗೆ ಮೊದಲು ವೀರ್ಯವನ್ನು ಕೊಟ್ಟು ದ್ರವ ಸಾರಜನಕದಲ್ಲಿ, ಸೊನ್ನೆಗಿಂತ 196 ಡಿಗ್ರಿ ಕೆಳಗಿನ ಚಳಿಯಲ್ಲಿ, ಇಡಿಸಬಹುದು. ಹೆಪ್ಪುಗಟ್ಟಿಸಿದ ವೀರ್ಯದಿಂದ ಗರ್ಭ ನಿಂತ ಸುದ್ದಿ 1953ರಲ್ಲೇ ಅಮೆರಿಕದಿಂದ ಬಂದಿತ್ತು. ಹುಡುಗನಲ್ಲಿ ವೀರ್ಯವೇ ಇಲ್ಲವಾದ್ದರಿಂದ ವೃಷಣದ ಒಂದು ಸಣ್ಣ ತುಣುಕನ್ನೇ ಕತ್ತರಿಸಿ ಇಡಬೇಕು. ಮುಂದೆ ಅವನು ದೊಡ್ಡವನಾದಾಗ ಆ ತುಣುಕನ್ನು, ಇಲ್ಲವೇ ಅದರಿಂದ ಬೇರ್ಪಡಿಸಿದ ಆಕರಕೋಶಗಳನ್ನು, ಅವನ ಮೈಗೇ ಹಿಂತಿರುಗಿಸಬೇಕು.

ಇದು ಸಾಧ್ಯವೇ? ನಾಗಪುರದವರಿಗೆ ಇದನ್ನು ತಿಳಿಸುವುದು ಸುಲಭ. ನಮ್ಮ ಸುತ್ತಲಿನ ಸಂತ್ರಾ ತೋಟಗಳಲ್ಲಿ ಸಂತ್ರೆಯ ಬೀಜ ಬಿತ್ತಿ ಗಿಡ ಮಾಡುವುದಿಲ್ಲ. ಜಂಬೇರಿ ನಿಂಬೆಯ ಸಸಿ ಬೆಳೆಸಿ, ಅದರ ಕಾಂಡವನ್ನು ಸೀಳಿ, ಸಂತ್ರೆಯ ಒಂದು ಕಣ್ಣನ್ನು ಅದರಲ್ಲಿ ಕೂರಿಸುತ್ತಾರೆ. ಬೇರು ಜಂಬೇರಿಯದು, ಹಣ್ಣು ಸಂತ್ರೆಯದು. 1994ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ರಾಲ್ಫ್ ಬ್ರಿನ್‌ಸ್ಟರ್ ಮಾಡಿದ್ದು ಹೆಚ್ಚುಕಡಿಮೆ ಇದನ್ನೇ. ಒಂದು ಇಲಿಯ ವೃಷಣದ ಆಕರಕೋಶಗಳನ್ನು ತೆಗೆದು ಬರಿದಾದ ಇನ್ನೊಂದು ಇಲಿಯ ವೃಷಣಕ್ಕೆ ಚುಚ್ಚಿದರು. ಅವು ತಾವಾಗಿಯೇ ಕೊಳವೆಯ ತಳಕ್ಕೆ ಸರಿದು ನೆಲೆಯೂರಿ, ಮೊದಲನೆಯ ಇಲಿಯ ವಂಶವಾಹಿಗಳಿರುವ ಮರಿಗಳನ್ನು ಕೊಟ್ಟವು. ಹೈದರಾಬಾದಿನ ಸಿಸಿಎಂಬಿಯ ಲಾಕೋನ್ಸ್ ಪ್ರಯೋಗಶಾಲೆಯಲ್ಲಿ ಚುಕ್ಕೆಯ ಇಲಿಜಿಂಕೆಯ (ಮೌಸ್ ಡಿಯರ್) ಎಳೆಯ ವೃಷಣದ ತುಣುಕನ್ನು ಹೆಪ್ಪುಗಟ್ಟಿಸಿಟ್ಟು, ಇಲಿಯ ಮೈಗೆ ಕಸಿ ಮಾಡಿ ಅದರ ಬೀಜಕೋಶಗಳು ಬೆಳೆಯುವುದನ್ನು ನೋಡಿದ್ದಾರೆ. 2019ರಲ್ಲಿ ಪ್ರಕಟವಾದ ವರದಿಯಂತೆ, ಪ್ರಾಯಕ್ಕೆ ಬರುವ ಮೊದಲೇ ತೆಗೆದು ಹೆಪ್ಪುಗಟ್ಟಿಸಿಟ್ಟಿದ್ದ ತುಣುಕನ್ನು ಅದೇ ಕೋತಿಗೆ ಮರಳಿ ಕಸಿ ಮಾಡಿ, ಅದರಿಂದ ದೊರೆತ ವೀರ್ಯಾಣುವಿನಿಂದ ಅಮೆರಿಕದಲ್ಲಿ ಒಂದು ಹೆಣ್ಣು ಕೋತಿಮರಿ ಹುಟ್ಟಿತು.

ಮನುಷ್ಯರ ಮಟ್ಟಿಗೆ ಕೆಲಸ ಈಗ ತಾನೇ ಮೊದಲಾಗಿದೆ. ಬೆಲ್ಜಿಯಂ ದೇಶದ ಬ್ರಸೆಲ್ಸ್‌ನಲ್ಲಿ 2002ರಿಂದ ಬಾಲಕರ ತುಣುಕುಗಳನ್ನು ಕಾಪಿಡುತ್ತಿದ್ದಾರೆ. ಅಲ್ಲಿ ಸಿಕಲ್ ಸೆಲ್ ಕಾಯಿಲೆಯ ಒಬ್ಬ ಹುಡುಗನಿಂದ 2008ರಲ್ಲಿ, ಅವನಿಗೆ ಹತ್ತು ವರ್ಷವಾಗಿದ್ದಾಗ ತೆಗೆದಿಟ್ಟಿದ್ದ ತುಣುಕುಗಳನ್ನು 2025ರ ಜನವರಿಯಲ್ಲಿ ಅವನಿಗೇ ಮರಳಿ ಕಸಿ ಮಾಡಿದರು. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಬಾಲ್ಯದಲ್ಲಿ ಕ್ಯಾನ್ಸರ್ ಆಗಿದ್ದ ಒಬ್ಬ ಯುವಕನಿಗೆ ಅವನ ಆಕರಕೋಶಗಳನ್ನು ಹಿಂತಿರುಗಿಸಿದ ವರದಿ ಅದೇ ವರ್ಷ ಬಂತು. ವರದಿಯ ಹೊತ್ತಿಗೆ ವೀರ್ಯಾಣು ಕಂಡಿರಲಿಲ್ಲ. ನಮ್ಮ ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನಲ್ಲಿ ಡಾ. ಸತೀಶ ಅಡಿಗ ಮತ್ತು ಅವರ ಸಂಗಡಿಗರು ಕ್ಯಾನ್ಸರ್ ರೋಗಿಗಳ ಸಂತಾನಶಕ್ತಿಯನ್ನು ಉಳಿಸುವ ಕೆಲಸದಲ್ಲಿ ಬಹುಕಾಲದಿಂದ ತೊಡಗಿದ್ದಾರೆ. ಪ್ರಾಯಕ್ಕೆ ಬಾರದ ಬಾಲಕರ ಅಂಗಾಂಶವನ್ನು ಕಾಪಿಡುವ ಸಂಶೋಧನೆಯೂ ಅದರಲ್ಲಿ ಸೇರಿದೆ. ರಕ್ತಕ್ಯಾನ್ಸರ್ ಆದವರ ತುಣುಕಿನಲ್ಲಿ ರೋಗದ ಕೋಶಗಳೂ ಅಡಗಿರಬಹುದಾದ್ದರಿಂದ ಅದನ್ನು ಮೈಗೆ ಮರಳಿಸುವುದು ಅಪಾಯ. ಗಾಜಿನ ಬಟ್ಟಲಲ್ಲೇ ಮಾಗಿಸಬೇಕು. ಜಪಾನಿನವರು 2011ರಲ್ಲಿ ಇಲಿಯ ಮಟ್ಟಿಗೆ ಅದನ್ನು ಸಾಧಿಸಿ ತೋರಿಸಿದ್ದಾರೆ. ಒಟ್ಟಿನಲ್ಲಿ ಇದು ಆಸೆಪಡಬಹುದಾದ ವಿದ್ಯೆ, ಸಾಲ ಮಾಡಿ ನಂಬಿಕೊಳ್ಳಬಹುದಾದ ವಿದ್ಯೆಯಲ್ಲ.

ಈಗ ಮೂಲ ಪ್ರಶ್ನೆಗೆ ಬರೋಣ. ಆ ತುಣುಕಿನ ಮೇಲೆ ಮೊದಲ ಹಕ್ಕು ಸಾಧಿಸುವುದು ವಂಶ. ಆದರೆ ವಂಶವೆಂಬುದು ಬೀಜದ ಲೆಕ್ಕದಲ್ಲಿ ಎಷ್ಟು ಗಟ್ಟಿ? ಮಗನಲ್ಲಿ ತಂದೆಯ ಪಾಲು ಅರ್ಧ, ಮೊಮ್ಮಗನಲ್ಲಿ ಕಾಲು. ಹೀಗೆ ಹತ್ತು ತಲೆಮಾರು ಇಳಿದರೆ ಮೂಲಪುರುಷನ ಪಾಲು ಸರಾಸರಿ 1024ರಲ್ಲಿ ಒಂದು. ತಂದೆಯಿಂದ ಮಗನಿಗೆ ಹೆಚ್ಚುಕಡಿಮೆ ಇಡಿಯಾಗಿ ಸಾಗುವುದು ವೈ ವರ್ಣತಂತು ಒಂದೇ. ಅದು ನಮ್ಮ ಒಟ್ಟು ವಂಶವಾಹಿ ಸಂಪತ್ತಿನಲ್ಲಿ ನೂರಕ್ಕೆ ಎರಡು ಪಾಲಿಗಿಂತ ಹೆಚ್ಚಲ್ಲ. ಅಲ್ಲದೆ ಆಕರಕೋಶ ನಕಲಾಗುವಾಗಲೆಲ್ಲ ಕೈತಪ್ಪುಗಳು ಸೇರುತ್ತ ಹೋಗುತ್ತವೆ. ತಂದೆಯ ವಯಸ್ಸು ಒಂದು ವರ್ಷ ಹೆಚ್ಚಿದರೆ ಮಗುವಿನಲ್ಲಿ ಸುಮಾರು ಎರಡು ಹೊಸ ಮಾರ್ಪಾಡುಗಳು ಹೆಚ್ಚುತ್ತವೆಂದು ಐಸ್‌ಲ್ಯಾಂಡಿನಲ್ಲಿ ನಡೆದ ಅಧ್ಯಯನವೊಂದು 2012ರಲ್ಲಿ ತೋರಿಸಿತು. ಶುದ್ಧವಾಗಿ ಹರಿದುಬಂದ ಬೀಜವೆಂಬುದು ಇಲ್ಲವೇ ಇಲ್ಲ. ಭೈರಪ್ಪನವರು 1965ರಲ್ಲಿ ಪ್ರಕಟಿಸಿದ 'ವಂಶವೃಕ್ಷ'ದಲ್ಲಿ ವಂಶದ ಪಾವಿತ್ರ್ಯಕ್ಕಾಗಿ ಬಾಳನ್ನೇ ತೇದ ಶ್ರೋತ್ರಿಗಳಿಗೆ ಇಳಿವಯಸ್ಸಿನಲ್ಲಿ ತಮ್ಮ ಹುಟ್ಟಿನ ನಿಜ ತಿಳಿಯುವುದು ವಾಚಕರಿಗೆ ನೆನಪಿರಬಹುದು. ಮೈಸೂರು ಅರಸರಿಗೆ ಮಕ್ಕಳಾಗದಿರಲೆಂದು ಅಲಮೇಲಮ್ಮ ಶಪಿಸಿದಳೆಂಬ ಐತಿಹ್ಯ ನಮಗೆಲ್ಲ ಗೊತ್ತು. ಆದರೆ ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ದತ್ತು ಪಡೆದ ಎಳೆಯ ಚಾಮರಾಜೇಂದ್ರರಿಗೇ 1881ರಲ್ಲಿ ರಾಜ್ಯ ಹಿಂತಿರುಗಿತು. ಅವರ ಮಗನೇ ನಾಲ್ವಡಿಯವರು. ಕನ್ನಂಬಾಡಿ ಕಟ್ಟೆಯನ್ನು ನೋಡಿದವರು ಯಾರೂ ದತ್ತಿನ ಕವಲು, ರಕ್ತದ ಕವಲು ಎಂದು ಕೇಳುವುದಿಲ್ಲ. ಆದುದರಿಂದ ವಂಶಕ್ಕೆ ಪ್ರೀತಿಯ ಹಕ್ಕಿದ್ದೀತು, ಬೀಜದ ಮೇಲಿನ ಹಕ್ಕಿಲ್ಲ.

ಎರಡನೆಯವರು ತಾಯಿತಂದೆ. ಮಗುವಿನ ಚಿಕಿತ್ಸೆಗೆ ಸಹಿ ಹಾಕುವವರು ಅವರೇ. ಆದರೆ ಸಹಿ ಹಾಕುವ ಅಧಿಕಾರ ಬೇರೆ, ಒಡೆತನ ಬೇರೆ. ಸರ್ಕಾರಿ ಗುಮಾಸ್ತನಾದ ನನಗೆ ಈ ವ್ಯತ್ಯಾಸ ದಿನನಿತ್ಯದ್ದು. ಅಪ್ರಾಪ್ತ ವಯಸ್ಕನ ಹೆಸರಿನಲ್ಲಿ ಅಂಚೆ ಕಛೇರಿಯಲ್ಲಿ ಪಾಸ್‌ಬುಕ್ ತೆಗೆದರೆ ಸಹಿ ತಂದೆಯದು, ಹಣ ಮಗುವಿನದು. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯಿದೆಯ ಪ್ರಕಾರ ಮಗುವಿನ ಹೆಸರಿನಲ್ಲಿರುವ ಜಮೀನನ್ನು ತಂದೆಯಾದವನು ಕೂಡ ನ್ಯಾಯಾಲಯದ ಅನುಮತಿಯಿಲ್ಲದೆ ಮಾರುವಂತಿಲ್ಲ. ಮಗುವಿಗೆ ಒಳಿತೆಂದು ತೋರಿಸಿದರೆ ಮಾತ್ರ ಅನುಮತಿ. ಒಂದು ಗುಂಟೆ ಜಮೀನಿಗೆ ಇಷ್ಟು ಕಾವಲಿರುವಾಗ ಮೈಯ ತುಣುಕಿಗೆ ಅದಕ್ಕಿಂತ ಕಡಿಮೆ ಕಾವಲು ಸಾಲದು. ಹೆತ್ತವರು ಆ ತುಣುಕಿನ ಪಾಲಕರು. ಅದು ಅವರಲ್ಲಿ ಇಟ್ಟ ಇಡುಗಂಟು.

ಹಾಗಾದರೆ ಇಡುಗಂಟು ಇಡಲೇಬೇಕೇ? ಏನೂ ಅರಿಯದ ಹುಡುಗನ ಮೈಗೆ ಕತ್ತರಿ ಹಾಕುವುದೇ ಅನ್ಯಾಯವಲ್ಲವೇ, ಅವನು ದೊಡ್ಡವನಾದ ಮೇಲೆ ತಾನೇ ನಿರ್ಧರಿಸಲಿ ಎಂದು ಒಬ್ಬರು ಹೇಳಬಹುದು. ಈ ಮಾತು ಕೇಳಲು ನ್ಯಾಯವಾಗಿದೆ. ನಮ್ಮ ದೇಶದಲ್ಲಿ ಇಂಥ ಎಚ್ಚರಕ್ಕೆ ಕಾರಣವೂ ಇದೆ. 1976-77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು, ಅದರಲ್ಲಿ ಹೆಚ್ಚಿನವು ಗಂಡಸರಿಗೆ; ಎಷ್ಟೋ ಕಡೆ ಕೋಟಾ ತುಂಬಿಸಲು ಒತ್ತಾಯದಿಂದ ಮಾಡಿದ್ದು. ಅದು ನನ್ನ ಹುಟ್ಟಿಗೆ ಮೊದಲಿನ ಸಂಗತಿಯಾದರೂ ನಮ್ಮ ಕಛೇರಿಯ ಹಿರಿಯರು ಈಗಲೂ ನೆನೆಯುತ್ತಿದ್ದರು. ಒಪ್ಪಿಗೆಯಿಲ್ಲದೆ ಮನುಷ್ಯನ ಬೀಜದ ವಿಷಯಕ್ಕೆ ಕೈಹಾಕಿದರೆ ಆಗುವ ಗಾಯ ಬಹುಕಾಲ ಮಾಯುವುದಿಲ್ಲ.

ಆದರೂ ಈ ಎರಡು ಪ್ರಸಂಗಗಳು ಒಂದೇ ಅಲ್ಲ. ಅಂದು ಕಿತ್ತುಕೊಂಡದ್ದು ಆಯ್ಕೆಯನ್ನು. ಇಂದು ಮಾಡಹೊರಟಿರುವುದು ಆಯ್ಕೆಯನ್ನು ಉಳಿಸುವ ಯತ್ನ. ಔಷಧ ಮೈಗೆ ಹೋದ ಮೇಲೆ, ದೊಡ್ಡವನಾಗಿ ನಿರ್ಧರಿಸಲು ಅವನಲ್ಲಿ ಏನೂ ಉಳಿದಿರುವುದಿಲ್ಲ. ಆದ್ದರಿಂದ ಏನೂ ಮಾಡದೆ ಸುಮ್ಮನಿರುವುದೂ ಅವನ ಪರವಾಗಿ ಮಾಡಿದ ನಿರ್ಧಾರವೇ, ಅದೂ ತಿದ್ದಲಾಗದ ನಿರ್ಧಾರ. ತೆಗೆದಿಟ್ಟರೆ ಮುಂದೆ ಬೇಡವೆನ್ನಬಹುದು, ತೆಗೆದಿಡದಿದ್ದರೆ ಬೇಕೆನ್ನಲಾಗದು. ಈ ಕಾರಣಕ್ಕಾಗಿ, ಅವಕಾಶವಿದ್ದಲ್ಲಿ ತೆಗೆದಿಡುವುದೇ ಮೇಲೆಂದು ನನ್ನ ಅಭಿಪ್ರಾಯ. ಆದರೆ ಕೆಲವು ಕಟ್ಟುಪಾಡುಗಳು ಬೇಕು. ಅದರಿಂದ ಪ್ರಾಣ ಉಳಿಸುವ ಚಿಕಿತ್ಸೆ ಒಂದು ದಿನವೂ ತಡವಾಗಬಾರದು. ಬೇರೆ ಕಾರಣಕ್ಕೆ ಅರಿವಳಿಕೆ ಕೊಡುವಾಗಲೇ ಇದನ್ನೂ ಮುಗಿಸುವಂತಿದ್ದರೆ ಒಳ್ಳೆಯದು. ಇದು ಇನ್ನೂ ಪ್ರಯೋಗದ ಹಂತದಲ್ಲಿದೆ ಎಂದು ವೈದ್ಯರು ಬಾಯಿಬಿಟ್ಟು ಹೇಳಬೇಕು. ಹುಡುಗನಿಗೆ ಅವನ ವಯಸ್ಸಿಗೆ ತಕ್ಕ ಮಾತಿನಲ್ಲಿ ತಿಳಿಸಬೇಕು. ಒಂಬತ್ತು ವರ್ಷದವನಿಗೆ ವಂಶ ತಿಳಿಯದಿದ್ದರೂ ತನ್ನ ಮೈಯಿಂದ ಏನನ್ನೋ ತೆಗೆಯುತ್ತಾರೆ, ಅದು ತನಗಾಗಿ ಎಂಬುದು ತಿಳಿಯುತ್ತದೆ. ಹದಿನೆಂಟು ತುಂಬಿದ ದಿನ ಆ ಕಾಗದಪತ್ರಗಳನ್ನು ಅವನ ಕೈಗೆ ಒಪ್ಪಿಸಬೇಕು.

ಕಾನೂನು ಇಲ್ಲಿ ಇನ್ನೂ ಯೋಚಿಸಬೇಕಾದದ್ದಿದೆ. 2021ರ ನೆರವಿನ ಸಂತಾನೋತ್ಪತ್ತಿ ಕಾಯಿದೆಯು ದಾನಿಯ ವೀರ್ಯಾಣು, ಅಂಡಾಣು ಅಥವಾ ಭ್ರೂಣವನ್ನು ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಇಡಬಾರದೆನ್ನುತ್ತದೆ. ಅದು ದಾನದ ಮಾತು. ಆದರೆ ಅಂಥದೇ ಗಡುವನ್ನು ಒಂಬತ್ತು ವರ್ಷದ ಹುಡುಗನಿಗೂ ಅನ್ವಯಿಸಿದರೆ ಅವನಿಗೆ ಹತ್ತೊಂಬತ್ತು ತುಂಬುವಾಗ ಗಂಟು ಕರಗಿಹೋಗುತ್ತದೆ. ಗಂಡಿಗೆ ಕಾನೂನು ಮದುವೆಯ ವಯಸ್ಸನ್ನು ಇಪ್ಪತ್ತೊಂದೆಂದು ಇಟ್ಟಿರುವಾಗ! ಬ್ರಸೆಲ್ಸಿನ ಯುವಕ ಹದಿನೇಳು ವರ್ಷ ಕಾಯಬೇಕಾಯಿತೆಂಬುದನ್ನು ನೆನೆಯಬೇಕು.

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಇನ್ನೊಂದಿದೆ. ತುಣುಕು ಉಳಿದು ಹುಡುಗ ಉಳಿಯದಿದ್ದರೆ? 2024ರ ಅಕ್ಟೋಬರ್ 4ರಂದು ದೆಹಲಿ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಪ್ರತಿಭಾ ಸಿಂಗ್ ಅವರು ಒಂದು ತೀರ್ಪು ಕೊಟ್ಟರು. ಕ್ಯಾನ್ಸರಿನಿಂದ 2020ರಲ್ಲಿ ತೀರಿಕೊಂಡ ಅವಿವಾಹಿತ ಯುವಕನೊಬ್ಬ ಚಿಕಿತ್ಸೆಗೆ ಮೊದಲು ಕಾಪಿಡಿಸಿದ್ದ ವೀರ್ಯವನ್ನು ಅವನ ತಾಯಿತಂದೆಗೆ ಕೊಡಬೇಕೆಂದು ಆ ತೀರ್ಪು. ವೀರ್ಯದ ಒಡೆಯನ ಒಪ್ಪಿಗೆ ಇತ್ತೆಂದು ಕಂಡುಬಂದರೆ ಮರಣಾನಂತರದ ಸಂತಾನಕ್ಕೆ ನಮ್ಮ ಕಾನೂನಿನಲ್ಲಿ ನಿಷೇಧವಿಲ್ಲವೆಂದು ನ್ಯಾಯಾಲಯ ಹೇಳಿತು. ಮಗನನ್ನು ಕಳೆದುಕೊಂಡ ಆ ಮುದಿ ಜೀವಗಳ ಸಂಕಟಕ್ಕೆ ಕಿವುಡಾಗುವುದು ಯಾರಿಗೂ ಶೋಭಿಸದು. ಆದರೆ ಆ ತೀರ್ಪನ್ನು ಹಿಡಿದು ನಾಳೆ ಯಾರಾದರೂ ಹತ್ತು ವರ್ಷದಲ್ಲಿ ತೀರಿಕೊಂಡ ಹುಡುಗನ ತುಣುಕನ್ನು ಕೇಳಿದರೆ ಕೊಡಬಾರದೆಂದೇ ನನ್ನ ನಿಲುವು. ದೆಹಲಿಯ ಆ ಯುವಕ ವಯಸ್ಕ. ತಾನೇ ತಿಳಿದು ವೀರ್ಯ ಕೊಟ್ಟಿದ್ದ. ಹುಡುಗನು ತಂದೆಯಾಗಬೇಕೆಂದು ಬಯಸಿರಲಿಲ್ಲ, ಬೇಡವೆಂದೂ ಬಯಸಿರಲಿಲ್ಲ. ಆ ಬಯಕೆ ಮೂಡುವ ವಯಸ್ಸೇ ಅವನಿಗೆ ಬಂದಿರಲಿಲ್ಲ. ಅವನ ಬೀಜಕೋಶ ವೀರ್ಯಾಣುವಾಗಿರಲಿಲ್ಲ, ಅವನು ಗಂಡಸಾಗಿರಲಿಲ್ಲ. ಪ್ರಕೃತಿ ಪ್ರಾಯದ ಬಾಗಿಲಲ್ಲಿ ತಡೆದು ನಿಲ್ಲಿಸಿದ್ದನ್ನು, ಬಾಗಿಲು ದಾಟದೆ ಹೋದವನ ಪರವಾಗಿ ನಾವು ದಾಟಿಸುವುದು ಅವನಿಗೆ ಮಾಡಿದ ಉಪಕಾರವಾಗುವುದಿಲ್ಲ. ಅದು ನಮ್ಮ ದುಃಖಕ್ಕೆ ನಾವು ಮಾಡಿಕೊಂಡ ಔಷಧ. ಆ ಔಷಧಕ್ಕಾಗಿ ಒಂದು ಮಗು ಹುಟ್ಟಬೇಕಾಗುತ್ತದೆ. ಇಡುಗಂಟು ಇಟ್ಟವನೇ ಇಲ್ಲವಾದಾಗ, ಮೊದಲೇ ಬರೆದುಕೊಟ್ಟಂತೆ ಅದನ್ನು ಸಂಶೋಧನೆಗೆ ಕೊಡಬೇಕು, ಇಲ್ಲವೇ ಗೌರವದಿಂದ ಮುಗಿಸಬೇಕು. ಚಿತೆಗೆ ಒಪ್ಪಿಸಿದ ಮೈಯ ಒಂದು ಪಾಲು ಅದು.

ಇನ್ನೆರಡು ಮಾತುಗಳನ್ನು ಹೇಳದಿದ್ದರೆ ವಿಚಾರ ಅರ್ಧವಾದೀತು. ಮೊದಲನೆಯದು ಬಡತನದ ಮಾತು. ಸಿಕಲ್ ಸೆಲ್ ಹೆಚ್ಚಾಗಿ ಹಿಡಿಯುವುದು ಬಡವರ ಮನೆಯ ಮಕ್ಕಳನ್ನು. ಕಸಿಗೇ ಹಣ ಕೂಡಿಸಲಾಗದ ತಂದೆಗೆ ಬೀಜ ಕಾಪಿಡುವ ಉಪದೇಶ ಕೊಡುವುದು ಕ್ರೂರವಾದೀತು. ಇರುವ ಹಣ ಮೊದಲು ಪ್ರಾಣಕ್ಕೆ. ತೆಗೆದಿಡಲು ಆಗದ ಹೆತ್ತವರು ಮಗನಿಗೆ ದ್ರೋಹ ಮಾಡಿದರೆಂದು ಯಾರೂ ಅನ್ನಕೂಡದು, ಅವರೂ ಅಂದುಕೊಳ್ಳಕೂಡದು. ಎರಡನೆಯದು ಹೆಣ್ಣುಮಕ್ಕಳ ಮಾತು. ಹೆಣ್ಣುಮಗು ತನ್ನ ಅಂಡಗಳ ದಾಸ್ತಾನನ್ನೆಲ್ಲ ಹುಟ್ಟುವಾಗಲೇ ತರುತ್ತದೆ. ಗಂಡಿನಂತೆ ಜೀವನಪರ್ಯಂತ ಹೊಸದಾಗಿ ಮಾಡಿಕೊಳ್ಳಲಾರದು. ಅದೇ ಔಷಧ ಆ ದಾಸ್ತಾನನ್ನೂ ಸುಡುತ್ತದೆ. ಅಂಡಾಶಯದ ತುಣುಕನ್ನು ಕಾಪಿಟ್ಟು ಮರಳಿ ಕೂರಿಸಿ ಮಗುವಾದದ್ದು 2004ರಲ್ಲೇ, ಬೆಲ್ಜಿಯಂನಲ್ಲಿ. ಅಂದರೆ ಹುಡುಗಿಯರ ವಿಷಯದಲ್ಲಿ ಈ ವಿದ್ಯೆ ಹುಡುಗರಿಗಿಂತ ಎಷ್ಟೋ ಮುಂದಿದೆ. ಆದರೂ ಕಾಯಿಲೆಯಾದ ಮಗಳ ವಿಷಯದಲ್ಲಿ "ವಂಶ ಮುಂದುವರಿದೀತೇ" ಎಂದು ಕೇಳುವ ಅಜ್ಜಿಯರು ಕಡಿಮೆ. ನಾವು ಕೇಳುವುದು ಮಗುವಿಗಾಗಿಯೋ ಮನೆತನದ ಹೆಸರಿಗಾಗಿಯೋ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇಕಿಲ್ಲ.

ಹೀಗೆ ಯೋಚಿಸಿದಾಗ ಹೆತ್ತವರ ಮುಂದೆ ಉಳಿಯುವ ಕೆಲಸ ಸರಳವಾಗಿದೆ, ಸುಲಭವಾಗಿಲ್ಲ. ಚಿಕಿತ್ಸೆ ಮೊದಲಾಗುವ ಮುನ್ನ ಬಾಯಿಬಿಟ್ಟು ಕೇಳಬೇಕು; ನಾಚಿಕೆಯಿಂದ ಸುಮ್ಮನಿದ್ದರೆ ಆ ಗಳಿಗೆ ಮತ್ತೆ ಬಾರದು. ಆದೀತೆಂದರೆ ತೆಗೆದಿಡಿಸಬೇಕು, ಆಗದೆಂದರೆ ಮಗು ಬದುಕಿ ಉಳಿದುದೇ ಭಾಗ್ಯವೆಂದು ಮನಸಾರೆ ಒಪ್ಪಬೇಕು. ಹುಡುಗ ದೊಡ್ಡವನಾದಾಗ ಕೀಲಿಕೈಯನ್ನು ಅವನಿಗೆ ಕೊಟ್ಟು, ನಿನಗೆ ಬೇಕಾದರೆ ತೆರೆ, ಬೇಡವಾದರೆ ಬಿಡು, ಬೇರೆಯವರ ಮಗುವನ್ನು ಎತ್ತಿಕೊಂಡು ಬಂದರೂ ನಮಗೆ ಅದು ಮೊಮ್ಮಗುವೇ ಎಂದು ಹೇಳಬೇಕು. ಅಷ್ಟು ಹೇಳಿದ ಮೇಲೆ, ಏನು ಮಾಡಿದೆಯಪ್ಪಾ ಎಂದು ಪ್ರತಿ ಹಬ್ಬಕ್ಕೂ ಕೇಳದೆ ಇರಬೇಕು. ಬಹುಶಃ ಅದೇ ಎಲ್ಲಕ್ಕಿಂತ ಕಷ್ಟದ ಕೆಲಸ.